ಭರತನಾಟ್ಯಕ್ಕೆ ರುಕ್ಮಿಣಿದೇವಿಯವರನ್ನು ಕರೆತಂದದ್ದು ರಷ್ಯದ ಪಾವ್ಲೋವಾ ಅವರೇ?

ಪ್ರಶ್ನೆ: ರುಕ್ಮಿಣಿದೇವಿ ಅರುಂಡೇಲ್ ಮೊದಲು ಬ್ಯಾಲೆ ಕಲಿಯುತ್ತಿದ್ದರಂತೆ. ರಷ್ಯದ ಅನ್ನಾ ಪಾವ್ಲೋವಾ ಹೇಳಿದ ಮೇಲೆ ಭರತನಾಟ್ಯಕ್ಕೆ ಬಂದರಂತೆ. ನಿಜವೇ? ಈ ಪಾವ್ಲೋವಾ ಯಾರು?

ಉತ್ತರ: ಬ್ಯಾಲೆ ಕಲಿತದ್ದು ನಿಜ, ಪಾವ್ಲೋವಾ ಹೇಳಿದ್ದೂ ನಿಜ. ಆದರೆ ಆ ಮಾತಿಗೂ ರುಕ್ಮಿಣಿದೇವಿ ಭರತನಾಟ್ಯದ ವೇದಿಕೆ ಏರಿದ್ದಕ್ಕೂ ನಡುವೆ ಆರೇಳು ವರ್ಷಗಳಿವೆ. ಕಥೆ ಹೇಳುವವರು ಆ ವರ್ಷಗಳನ್ನು ಹಾರಿಸಿಬಿಡುತ್ತಾರೆ. ಅಲ್ಲಿಗೆ ಬರುವ ಮೊದಲು ಪಾವ್ಲೋವಾ ಅವರ ಬಗ್ಗೆ ಹೇಳಲೇಬೇಕು.

ಹುಟ್ಟಿದ್ದು 1881ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಾಯಿ ಬಟ್ಟೆ ಒಗೆದು ಸಂಸಾರ ತೂಗಿಸುತ್ತಿದ್ದವರು. ಕೈಯಲ್ಲಿ ಕಾಸಿಲ್ಲದಿದ್ದರೂ ಮಗಳನ್ನು ಮಾರಿನ್ಸ್ಕಿ ರಂಗಮಂದಿರಕ್ಕೆ ಕರೆದೊಯ್ದು 'ಸ್ಲೀಪಿಂಗ್ ಬ್ಯೂಟಿ' ತೋರಿಸಿದರು. ಹುಡುಗಿ ಅಂದೇ ಮನಸ್ಸು ಮಾಡಿದಳು. ಚಕ್ರವರ್ತಿಯ ಬ್ಯಾಲೆ ಶಾಲೆ ಒಮ್ಮೆ 'ಇನ್ನೂ ಚಿಕ್ಕವಳು' ಎಂದು ವಾಪಸ್ ಕಳಿಸಿತು. ಹತ್ತನೇ ವಯಸ್ಸಿಗೆ, 1891ರಲ್ಲಿ, ಸೇರಿಸಿಕೊಂಡಿತು.

ಆ ಕಾಲಕ್ಕೆ ಬೇಕಾಗಿದ್ದ ಮೈಕಟ್ಟು ಆಕೆಯದಾಗಿರಲಿಲ್ಲ. ಇಟಲಿಯಿಂದ ಬಂದ ಪಿಯೆರಿನಾ ಲೆನ್ಯಾನಿ ಒಂದೇ ಕಾಲ ಮೇಲೆ 32 ಸುತ್ತು ಗಿರ್ರನೆ ತಿರುಗಿ ಪೀಟರ್ಸ್‌ಬರ್ಗನ್ನು ಬೆರಗುಗೊಳಿಸಿದ್ದ ದಿನಗಳವು. ದಷ್ಟಪುಷ್ಟ ಕಾಲುಗಳ ನರ್ತಕಿಯರಿಗೆ ಬೆಲೆ. ಪಾವ್ಲೋವಾ ಅವರದು ಸಣಕಲು ಮೈ, ತೆಳುವಾದ ಕಣಕಾಲು, ಬಿಲ್ಲಿನಂತೆ ಬಾಗಿದ ಪಾದ. ತುದಿಗಾಲಲ್ಲಿ ನಿಂತಾಗ ಭಾರವೆಲ್ಲ ಹೆಬ್ಬೆರಳಿನ ಮೇಲೇ ಬೀಳುತ್ತಿತ್ತು. ಅದಕ್ಕೆ ಅವರು ಶೂಗಳನ್ನೇ ತಿದ್ದಿಕೊಂಡರು: ಒಳಗೆ ಗಟ್ಟಿ ಚರ್ಮದ ಅಟ್ಟೆ ಸೇರಿಸಿದರು, ಬೆರಳಿನ ತುದಿ ಕೂರುವ ಭಾಗವನ್ನು ಚಪ್ಪಟೆಯಾಗಿ, ಗಡುಸಾಗಿ ಮಾಡಿಕೊಂಡರು. ಇದು ಮೋಸ ಎಂದವರಿದ್ದರು. ಇಂದು ಬ್ಯಾಲೆ ಕಲಿಯುವ ಹುಡುಗಿಯರು ತೊಡುವ ಶೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬೆಳೆದದ್ದು. ಗುರು ಪಾವೆಲ್ ಗೆರ್ಟ್ ಮಾತ್ರ ಈ ಶಿಷ್ಯೆಯ ನಾಜೂಕೇ ಆಕೆಯ ಬಂಡವಾಳ ಎಂದು ಕಂಡುಕೊಂಡಿದ್ದರು, ಕಸರತ್ತು ಇತರರಿಗಿರಲಿ ಎಂದು ಬುದ್ಧಿ ಹೇಳಿದ್ದರು.

1906ರ ಹೊತ್ತಿಗೆ ಮಾರಿನ್ಸ್ಕಿಯ ಅಗ್ರ ನರ್ತಕಿ. ನೃತ್ಯ ಸಂಯೋಜಕ ಮಿಖಾಯಿಲ್ ಫೋಕಿನ್ ಪಾವ್ಲೋವಾ ಅವರಿಗಾಗಿಯೇ ಸಂಯೋಜಿಸಿದ 'ಸಾಯುವ ಹಂಸ' ಕೆಲವೇ ನಿಮಿಷಗಳದು. ಸ್ಯಾನ್‌ಸಾನ್ಸ್ ಎಂಬ ಫ್ರೆಂಚ್ ಸಂಗೀತಗಾರರ ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಸಂಗೀತ ನುಡಿಯುತ್ತಿರುವಾಗ ಸಣ್ಣ ಸಣ್ಣ ಹೆಜ್ಜೆಯಲ್ಲಿ ವೇದಿಕೆಯ ಮೇಲೆ ಜಾರಿದಂತೆ ಚಲಿಸುವುದು, ಭುಜದಿಂದ ಬೆರಳ ತುದಿಯವರೆಗೆ ಅಲೆಯೆದ್ದಂತೆ ತೋಳಾಡಿಸುವುದು, ಕೊನೆಗೆ ನೆಲಕ್ಕೆ ಕುಸಿಯುವುದು. ದೊಡ್ಡ ನೆಗೆತವಿಲ್ಲ, 32 ಸುತ್ತಿಲ್ಲ. ನಮ್ಮವರ ಅಭಿನಯ ನೋಡಿ ಬೆಳೆದವರಿಗೆ ಈ ಒಂದು ಬ್ಯಾಲೆ ಬೇಗ ಹಿಡಿಸುತ್ತದೆ ಎಂದು ನನ್ನ ನಂಬಿಕೆ.

1912ರಲ್ಲಿ ಲಂಡನ್ನಿನ ಐವಿ ಹೌಸ್‌ನಲ್ಲಿ ನೆಲೆಸಿದ ಮೇಲೆ ಅವರದು ಅಲೆಮಾರಿ ಬದುಕು. ಸ್ವಂತ ತಂಡ ಕಟ್ಟಿಕೊಂಡು ಅಮೆರಿಕ, ಜಪಾನ್, ಈಜಿಪ್ಟ್, ಆಸ್ಟ್ರೇಲಿಯಾ ಎಂದು ಬ್ಯಾಲೆ ಕಂಡಿರದ ಊರೂರಿಗೂ ಹೋದರು. 1922ರ ಕೊನೆಗೆ ಭಾರತಕ್ಕೂ ಬಂದರು. ಮರುವರ್ಷ ಲಂಡನ್ನಿನಲ್ಲಿ ಅಜಂತಾ ಚಿತ್ರಗಳನ್ನು ಆಧರಿಸಿದ ಬ್ಯಾಲೆ ಆಡಿದರು. ಅಲ್ಲೇ ಚಿತ್ರಕಲೆ ಓದುತ್ತಿದ್ದ ಉದಯ್ ಶಂಕರ್ ಎಂಬ ಯುವಕನಿಂದ 'ರಾಧಾ ಕೃಷ್ಣ' ಮಾಡಿಸಿದರು. ಅವರು ಕೃಷ್ಣ, ಪಾವ್ಲೋವಾ ರಾಧೆ.

ರುಕ್ಮಿಣಿದೇವಿ ಪಾವ್ಲೋವಾ ಅವರನ್ನು ಮೊದಲು ಕಂಡದ್ದು 1920ರ ದಶಕದಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ, ಪ್ರೇಕ್ಷಕಿಯಾಗಿ. ದಶಕದ ಕೊನೆಗೆ ಪಾವ್ಲೋವಾ ಮತ್ತೆ ಭಾರತಕ್ಕೆ ಬಂದಾಗ ಪರಿಚಯವಾಯಿತು. ಆಸ್ಟ್ರೇಲಿಯಾಕ್ಕೆ ಹೋಗುವ ಹಡಗಿನಲ್ಲೂ ಇಬ್ಬರೂ ಜೊತೆಯಾದರು. ತಂಡದ ನರ್ತಕಿ ಕ್ಲಿಯೋ ನಾರ್ಡಿ ಅವರಿಂದ ರುಕ್ಮಿಣಿದೇವಿಗೆ ಬ್ಯಾಲೆ ಪಾಠ ನಡೆಯಿತು. ನಿಮ್ಮ ದೇಶದ ಕಲೆಯನ್ನೇ ಹುಡುಕಿಕೊಳ್ಳಿ ಎಂಬ ಅರ್ಥದ ಸಲಹೆ ಬಂದದ್ದು ಈ ಒಡನಾಟದಲ್ಲಿ. 1931ರ ಜನವರಿಯಲ್ಲಿ, ಐವತ್ತು ತುಂಬಲು ಮೂರು ವಾರವಿರುವಾಗ, ಶ್ವಾಸಕೋಶದ ಕಾಯಿಲೆಯಿಂದ ಪಾವ್ಲೋವಾ ಹಾಲೆಂಡಿನ ಹೇಗ್‌ನಲ್ಲಿ ತೀರಿಕೊಂಡರು. ತಮ್ಮ ಸಲಹೆ ಏನಾಯಿತೆಂದು ಅವರು ನೋಡಲಿಲ್ಲ.

ಇನ್ನು ಹಾರಿಸಿಬಿಡುವ ಭಾಗ. ಇಂದು ಭರತನಾಟ್ಯ ಎನ್ನುವುದು ಮೊದಲು ದೇವದಾಸಿ ಮನೆತನಗಳ ನೃತ್ಯ; ಮದ್ರಾಸಿನಲ್ಲಿ ಅದಕ್ಕೆ ಬಹಿಷ್ಕಾರದ ಕಾಲ. ವಕೀಲ ಇ. ಕೃಷ್ಣ ಅಯ್ಯರ್ ಅದರ ಪರ ನಿಂತು ಮ್ಯೂಸಿಕ್ ಅಕಾಡೆಮಿಯ ವೇದಿಕೆಗೆ ತಂದರು. ಅಲ್ಲಿ ಪಂದನಲ್ಲೂರು ಬಾನಿಯ (ಶೈಲಿಯ) ನೃತ್ಯ ನೋಡಿ ರುಕ್ಮಿಣಿದೇವಿ ಮನಸೋತರು. ಪಾಠ ಹೇಳಿಕೊಟ್ಟವರು ಮೈಲಾಪುರ ಗೌರಿ ಅಮ್ಮಾಳ್ ಮತ್ತು ನಟ್ಟುವನಾರ್ (ನೃತ್ಯಗುರು) ಮೀನಾಕ್ಷಿಸುಂದರಂ ಪಿಳ್ಳೈ. ಮೊದಲ ಪ್ರದರ್ಶನ 1935ರ ಡಿಸೆಂಬರ್‌ನಲ್ಲಿ ಅಡ್ಯಾರಿನಲ್ಲಿ, ಅವರು ಕಟ್ಟಿದ ಕಲಾಶಾಲೆ ಕಲಾಕ್ಷೇತ್ರದ ಆರಂಭ 1936ರಲ್ಲಿ.

ಹಾಗಾಗಿ ಪಾವ್ಲೋವಾ ಕೈತೋರಿಸಿದರು, ಅಷ್ಟು ಶ್ರೇಯ ಅವರಿಗೆ ಪೂರ್ತಿ ಸಲ್ಲಬೇಕು. ಆದರೆ 'ಅವರು ಹೇಳಿದ್ದರಿಂದ ಭರತನಾಟ್ಯ ಉಳಿಯಿತು' ಎನ್ನುವವರ ಮಾತನ್ನು ನಾನು ಒಪ್ಪಲಾರೆ. ದೇವದಾಸಿ ಮನೆತನದ ನರ್ತಕಿ ಬಾಲಸರಸ್ವತಿ 1925ರಲ್ಲೇ ಕಾಂಚೀಪುರದಲ್ಲಿ ರಂಗವೇರಿದ್ದರು. ನಮ್ಮ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರು ಪದ, ಜಾವಳಿ ಎಂಬ ಶೃಂಗಾರ ಹಾಡುಗಳ ಅಭಿನಯವನ್ನು ಶಿಷ್ಯೆಯರಿಗೆ ಕಲಿಸುತ್ತಲೇ ಇದ್ದರು; ಅವರ ಕೈಯಲ್ಲಿ ಪಳಗಿದ ಕೆ. ವೆಂಕಟಲಕ್ಷಮ್ಮನವರು ಅರಮನೆಯ ಆಸ್ಥಾನ ವಿದುಷಿಯಾಗಿ, ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿದರು.