ಜಾಕೆಟ್ ಬಿಚ್ಚಿದ ಮೇಲೆ ಏನಿದೆ?

ಫೆಬ್ರವರಿ ಬಂತೆಂದರೆ ನನ್ನ ಹೊಲಿಗೆ ಅಂಗಡಿಗೆ ಒಂದು ಬಗೆಯ ಗಿರಾಕಿಗಳು ಶುರುವಾಗುತ್ತಾರೆ. ಪಾಸ್‌ಪೋರ್ಟಿನಲ್ಲಿ ಯೂರೋಪ್ ಪ್ರವಾಸದ ಷೆಂಗೆನ್ ವೀಸಾ, ಫೋನಿನಲ್ಲಿ ಪ್ಯಾರಿಸ್‌ನ ಯಾರದೋ ಚೆಂದದ ಫೋಟೋ, ಕಾರಿನ ಡಿಕ್ಕಿಯಲ್ಲಿ ಆಗಲೇ ಕೊಂಡು ತಂದ ದಪ್ಪ ಜಾಕೆಟ್. ಕುರ್ಚಿ ಮೇಲೆ ಇಟ್ಟರೆ ಅದೇ ಒಬ್ಬ ಮನುಷ್ಯನ ಥರ ಕೂರುತ್ತದೆ.

ಒಳಗೆ ಏನು ಹಾಕುತ್ತೀರಿ ಎಂದು ಕೇಳುತ್ತೇನೆ. ಎಲ್ಲರದೂ ಒಂದೇ ಉತ್ತರ: "ಒಳಗೆ ಯಾರು ನೋಡ್ತಾರೆ ಬಿಡಿ ಮೇಡಂ."

ಎಲ್ಲರೂ ನೋಡುತ್ತಾರೆ! ಈ ಒಂದು ಮಾತಿಗೆ ನಾನು ಎಷ್ಟು ಜನರ ಜೊತೆ ಜಗಳ ಆಡಿದ್ದೇನೋ ಲೆಕ್ಕವಿಲ್ಲ.

ತಪ್ಪು ಅವರದಲ್ಲ, ನಮ್ಮ ಚಳಿಯದು. ಮಡಿಕೇರಿಯಲ್ಲಿ ಡಿಸೆಂಬರ್ ತಿಂಗಳು ನೆನೆಸಿಕೊಳ್ಳಿ. ಅಂಗಳದಲ್ಲೂ ಚಳಿ, ನಡುಮನೆಯಲ್ಲೂ ಚಳಿ. ಬೆಳಿಗ್ಗೆ ಹಾಕಿದ ಸ್ವೆಟರ್ ರಾತ್ರಿ ಕಂಬಳಿ ಹೊದೆಯುವಾಗಲೂ ಮೈಮೇಲೇ ಇರುತ್ತದೆ. ಬೆಚ್ಚಗಿನ ಬಟ್ಟೆ ಅಂದರೆ ಹಾಕಿಕೊಳ್ಳುವುದು, ಅಷ್ಟೇ. ಬಿಚ್ಚುವ ಪ್ರಶ್ನೆಯೇ ಬರುವುದಿಲ್ಲ.

ಯೂರೋಪಿನ ನಗರದಲ್ಲಿ ಲೆಕ್ಕ ಬೇರೆ. ಮಾರ್ಚ್ ಕೊನೆಯ ವಿಯೆನ್ನಾ ತೆಗೆದುಕೊಳ್ಳಿ. ಬೆಳಿಗ್ಗೆ ಸಾಮಾನ್ಯವಾಗಿ ನಾಲ್ಕೈದು ಡಿಗ್ರಿ, ಜೊತೆಗೆ ಗಾಳಿ. ಟ್ರಾಮ್ ಹತ್ತಿದರೆ ಬೆಚ್ಚಗೆ. ಇಳಿದರೆ ಮತ್ತೆ ಗಾಳಿ. ಮ್ಯೂಸಿಯಂ ಒಳಗೆ ಹೀಟರ್, ಇಪ್ಪತ್ತು ಡಿಗ್ರಿ ಮೇಲೆ. ಮಧ್ಯಾಹ್ನ ಬಿಸಿಲು ಬಂದರೆ ಹೊರಗೇ ಹನ್ನೆರಡು ಹದಿಮೂರು. ಆಮೇಲೆ ಕಾಫಿಹೌಸ್. ಸಂಜೆ ಮತ್ತೆ ಚಳಿ. ದಿನಕ್ಕೆ ಹತ್ತು ಸಲ ಒಳಗೆ ಹೊರಗೆ. ಅಂದರೆ ಹತ್ತು ಸಲ ಬಿಚ್ಚಬೇಕು, ಹತ್ತು ಸಲ ಹಾಕಬೇಕು. ಪದರ ಇರುವುದೇ ತೆಗೆಯುವುದಕ್ಕೆ. ತೆಗೆಯಲಾಗದ್ದು ಪದರ ಅಲ್ಲ, ಬರೀ ಭಾರ.

ಕೆಲವು ವರ್ಷದ ಹಿಂದೆ ಜಯನಗರದ ದಂಪತಿ ಹೊರಟಿದ್ದರು. ಹೆಂಡತಿ ನನ್ನ ಮಾತು ಕೇಳಿದರು. ಗಂಡ ಕೇಳಲಿಲ್ಲ. ಜಾಕೆಟ್ ಒಳಗೆ ಅವರು ಹಾಕಿದ್ದು ಆಫೀಸಿನ ಯಾವುದೋ ಓಟದ ದಿನ ಕೊಟ್ಟ ಕಿತ್ತಳೆ ಬಣ್ಣದ ಟೀಶರ್ಟು, ಬೆನ್ನ ಮೇಲೆ ಹತ್ತು ಪ್ರಾಯೋಜಕರ ಹೆಸರು. ಅದರ ತೋಳಿನ ಕೆಳಗೆ ಬಿಳಿ ಥರ್ಮಲ್, ಅಂದರೆ ಚಳಿಗೆ ಮೈಗಂಟಿಸಿ ಹಾಕುವ ಒಳಅಂಗಿ. ವಿಯೆನ್ನಾದ ಹಳೇ ಕಾಫಿಹೌಸ್‌ನಲ್ಲಿ ಕೋಟು ತೂಗುಹಾಕಲು ಕಂಬ ಇರುತ್ತದೆ. ಎಲ್ಲರೂ ತೂಗುಹಾಕಿ ಕೂತಿದ್ದಾರೆ. ಇವರು ಮಾತ್ರ ಜಿಪ್ ಕತ್ತಿನವರೆಗೆ ಎಳೆದುಕೊಂಡು ಆಪಲ್ ಸ್ಟ್ರೂಡಲ್ ತಿಂದರಂತೆ, ಬೆವರು ಒರೆಸಿಕೊಳ್ಳುತ್ತಾ. ಹೊರಗೆ ಬಂದಾಗ ಒದ್ದೆಯಾದ ಹತ್ತಿ ಬಟ್ಟೆ ಮೈಗಂಟಿ, ಅದರ ಮೇಲೆ ಗಾಳಿ. ಅವತ್ತು ರಾತ್ರಿಯೇ ನೆಗಡಿ ಹಿಡಿಯಿತು. ನೆಗಡಿಗೆ ಟೀಶರ್ಟೇ ಕಾರಣ ಅಂತ ನಾನು ಹೇಳಲಾರೆ, ಅದು ಡಾಕ್ಟರ ಕೆಲಸ. ಹೆಂಡತಿ ಮಾತ್ರ ಹಾಗೇ ಹೇಳುತ್ತಾರೆ. ಎಂಟು ದಿನದ ಫೋಟೋದಲ್ಲೂ ಅವರದು ಒಂದೇ ಜಾಕೆಟ್. ಊರು ಬದಲಾಗುತ್ತದೆ, ಜಿಪ್ ಇಳಿಯುವುದಿಲ್ಲ.

ಹೀಗೆ ಪದರ ಪದರವಾಗಿ ಉಡುವುದಕ್ಕೆ ಜರ್ಮನ್ನರು ಈರುಳ್ಳಿ ಪದ್ಧತಿ ಅನ್ನುತ್ತಾರೆ. ಇಟಲಿಯವರೂ ಈರುಳ್ಳಿಯ ಹಾಗೆ ಬಟ್ಟೆ ಹಾಕು ಅನ್ನುತ್ತಾರೆ. ಈರುಳ್ಳಿಯ ಒಂದು ಸುತ್ತು ಸುಲಿದರೆ ಒಳಗಿನದೂ ನೋಡಲು ಈರುಳ್ಳಿಯೇ, ಇನ್ನೂ ಹೊಳಪು ಜಾಸ್ತಿ. ನಮ್ಮವರು ಹೋಗುವುದು ಹಲಸಿನ ಹಣ್ಣಾಗಿ. ಹೊರಗೆ ದಪ್ಪ ಸಿಪ್ಪೆ, ಬಿಚ್ಚಿದರೆ ಅಂಟು.

ಹಾಗಾಗಿ ನನ್ನ ಪರೀಕ್ಷೆ ಒಂದೇ. ಪ್ರತಿ ಪದರವನ್ನೂ ಅದೇ ಕೊನೆಯದು ಅಂದುಕೊಂಡು ಕನ್ನಡಿ ಮುಂದೆ ನಿಲ್ಲಿ. ಬರೀ ಥರ್ಮಲ್‌ನಲ್ಲಿ ನಿಂತಾಗ ಒಳಉಡುಪಿನಲ್ಲಿ ನಿಂತ ಹಾಗೆ ಕಾಣುತ್ತೀರಾ? ಹಾಗಿದ್ದರೆ ಬೇಡ. ತೆಳು ಉಣ್ಣೆಯ ಕಪ್ಪು ಅಥವಾ ಕಡುನೀಲಿ ತೆಗೆದುಕೊಳ್ಳಿ, ಅದೇ ಟೀಶರ್ಟ್ ಥರ ಕಾಣುತ್ತದೆ. ಅದರ ಮೇಲೆ ಮುಂದೆ ಗುಂಡಿ ಇರುವ ಕಾರ್ಡಿಗನ್. ತಲೆಯಿಂದ ಎಳೆಯುವ ಪುಲ್‌ಓವರ್ ಬೇಡ ಅನ್ನುತ್ತೇನೆ. ನೂಕುನುಗ್ಗಲಿನ ಮೆಟ್ರೋದಲ್ಲಿ ಅದನ್ನು ತೆಗೆಯಲು ಹೋಗಿ ಕನ್ನಡಕ ಕಳೆದುಕೊಂಡವರಿದ್ದಾರೆ. ಬಣ್ಣದ ಆಟವೆಲ್ಲ ಈ ನಡುವಿನ ಪದರದಲ್ಲಿ ಆಡಿ, ಫೋಟೋದಲ್ಲಿ ಉಳಿಯುವುದು ಇದೇ. ಕೋಟು ಸುಮ್ನೆ ಒಂದು ಗೋಡೆ ಇದ್ದ ಹಾಗೆ: ಬೂದು, ಒಂಟೆಬಣ್ಣ, ಕಪ್ಪು.

ಕೋಟು ಕೊಳ್ಳುವಾಗ ಒಳಗಿನದನ್ನೆಲ್ಲ ಹಾಕಿಕೊಂಡೇ ಅಂಗಡಿಗೆ ಹೋಗಿ. ಬೆಂಗಳೂರಿನ ಸೆಕೆಯಲ್ಲಿ ಜನ ನಗಬಹುದು, ನಗಲಿ. ಗುಂಡಿ ಹಾಕಿ, ಬಿಎಂಟಿಸಿ ಬಸ್ಸಿನ ಕಂಬಿ ಹಿಡಿದ ಹಾಗೆ ಕೈ ಮೇಲೆತ್ತಿ. ಕೋಟಿನ ಅಂಚು ಹೊಟ್ಟೆವರೆಗೆ ಏರಿತೋ, ಕಂಕುಳಲ್ಲಿ ಬಿಗಿಯಿತೋ, ಒಂದು ಸೈಜು ದೊಡ್ಡದು ಬೇಕು. ಸೊಂಟವನ್ನು ನಾನು ಹಿಡಿದು ಕೊಡಬಲ್ಲೆ. ಕಂಕುಳ ಸುತ್ತನ್ನು ದೊಡ್ಡದು ಮಾಡುವುದು ಕಷ್ಟ, ಅಲ್ಲಿ ಸಾಮಾನ್ಯವಾಗಿ ಬಿಡಿಸಲು ಬಟ್ಟೆಯೇ ಬಿಟ್ಟಿರುವುದಿಲ್ಲ.

ಟ್ರೆಂಚ್ ಕೋಟಿನ ಆಸೆ ಎಲ್ಲರಿಗೂ. ಅದು ಮೊದಲಿಂದಲೂ ಮಳೆ ಗಾಳಿಗೆ ಮಾಡಿದ್ದು. ಅದರ ಗ್ಯಾಬರ್ಡೀನ್ ಬಟ್ಟೆಯನ್ನು ಥಾಮಸ್ ಬರ್ಬೆರಿ 1879ರಲ್ಲಿ ಕಂಡುಹಿಡಿದದ್ದೇ ಅದಕ್ಕೆ. ಬೆಚ್ಚಗಿಡುವ ಕೆಲಸ ಒಳಗಿನ ಕಾರ್ಡಿಗನ್‌ದು. ಎರಡೂ ಇದ್ದರೆ ಏಪ್ರಿಲ್‌ಗೆ ಅದಕ್ಕಿಂತ ಒಳ್ಳೆಯದಿಲ್ಲ. ಹಾಗಂತ ಹೂವು ನೋಡಿ ಮೋಸ ಹೋಗಬೇಡಿ. ಏಪ್ರಿಲ್‌ನಲ್ಲಿ ಒಂದೆಳೆ ದಾರವನ್ನೂ ಬಿಚ್ಚಬೇಡ ಅನ್ನುವ ಗಾದೆ ಫ್ರೆಂಚರಲ್ಲೇ ಇದೆ.

ಇದೆಲ್ಲ ನಗರಕ್ಕೆ ಹೇಳಿದ್ದು. ನಡುವೆ ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ ಯೂಂಗ್‌ಫ್ರೌಯೋಖ್‌ಗೆ ಹೋಗುತ್ತೀರಾದರೆ ಅದು 3,454 ಮೀಟರ್ ಎತ್ತರ, ಅಲ್ಲಿ ನಿಮ್ಮ ದಪ್ಪ ಜಾಕೆಟ್ಟೇ ಸರಿ. ಚಳಿ ತಡೆಯುವ ಶಕ್ತಿಯೂ ಮೈಯಿಂದ ಮೈಗೆ ಬೇರೆ. ವಯಸ್ಸಾದವರಿಗೆ ನಾನು ಒಂದು ಪದರ ಜಾಸ್ತಿಯೇ ಹೇಳುತ್ತೇನೆ.

ವಯಸ್ಸಾದವರು ಅಂದಾಗ ನೆನಪಾಯಿತು. ಮ್ಯೂನಿಕ್‌ನ ಮಗಳ ಮನೆಗೆ ಹೊರಟ ಒಬ್ಬ ಅಮ್ಮ ಬಂದಿದ್ದರು. ಮಗಳು ಪ್ಯಾಂಟ್ ಹಾಕಬೇಕು ಅಂದಿದ್ದಾಳೆ, ಇವರು ಒಲ್ಲೆ ಅನ್ನುತ್ತಾರೆ. ಯಾಕೆ ಹಾಕಬೇಕು? ಸೀರೆಯೇ ಪದರದ ಉಡುಪು ಅಲ್ವಾ. ನೆರಿಗೆಯಲ್ಲೇ ಏಳೆಂಟು ಮಡಿಕೆ ಇರುತ್ತದೆ. ಲಂಗದ ಒಳಗೆ ಉಣ್ಣೆಯ ಲೆಗ್ಗಿಂಗ್ಸ್, ಕುಪ್ಪಸದ ಬದಲು ಕತ್ತು ಮುಚ್ಚುವ ತೆಳು ಸ್ವೆಟರ್, ಮೇಲೆ ಅವರದೇ ಮೈಸೂರು ಸಿಲ್ಕ್, ಕಾಲಿಗೆ ಮೋಟು ಬೂಟು. ಎಸ್ಕಲೇಟರ್‌ಗೆ ಸಿಗದ ಹಾಗೆ ಎರಡು ಬೆರಳು ಮೇಲೆ ಉಡಿ ಅಂದೆ. ಕೋಟಿಗೆ ಕಪ್ಪು ತೋರಿಸಿದೆ. "ಶುಭಕ್ಕೆ ಹೋಗ್ತಿದೀನಮ್ಮ, ಮಗಳಿಗೆ ಏಳು ತಿಂಗಳು" ಅಂದರು. ಕುಂಕುಮ ಬಣ್ಣದ ಕೋಟನ್ನೇ ಆರಿಸಿಕೊಂಡರು. ಗೋಡೆಬಣ್ಣದ ಬಗ್ಗೆ ನಾನು ಬಾಯಿಬಿಡಲಿಲ್ಲ.

ಮೊನ್ನೆ ಕಿತ್ತುಹೋದ ಗುಂಡಿ ಹಾಕಿಸಲು ಆ ಕೋಟು ವಾಪಸು ಬಂತು. ಜೇಬಿನಲ್ಲಿ ಟ್ರಾಮ್ ಟಿಕೆಟ್ಟು, ಮಗುವಿನ ಒಂದು ಕಾಲುಚೀಲ, ಕಾಗದದಲ್ಲಿ ಸುತ್ತಿದ ಅರ್ಧ ಕೋಡುಬಳೆ. ಹಾಗೇ ಒಳಗಿಟ್ಟು ಕೊಟ್ಟೆ.