ಮೀಟರ್ 1.3 ವೋಲ್ಟ್ ತೋರಿಸುತ್ತದೆ, ಆದರೂ ಸೆಲ್ ಕೈಕೊಡುತ್ತದೆ. ಯಾಕೆ?

ಪ್ರಶ್ನೆ: ರೀಚಾರ್ಜ್ ಆಗುವ ಪೆನ್ಸಿಲ್ ಸೆಲ್ ನಾಲ್ಕಿವೆ. ಚಾರ್ಜ್ ಆದ ಮೇಲೆ ಮಲ್ಟಿಮೀಟರ್ ಹಿಡಿದರೆ ನಾಲ್ಕೂ 1.3 ವೋಲ್ಟ್‌ಗಿಂತ ಮೇಲಿವೆ. ಆದರೆ ಬಿ.ಪಿ. ಮೆಷೀನಿಗೆ ಹಾಕಿ ಎರಡು ಸಲ ನೋಡುವಷ್ಟರಲ್ಲಿ ಬ್ಯಾಟರಿ ಲೋ ಅನ್ನುತ್ತದೆ. ಮೆಷೀನ್ ಕೆಟ್ಟಿದೆಯೇ?

ಮೆಷೀನ್ ಕೆಟ್ಟಿರಲಿಕ್ಕಿಲ್ಲ, ಸೆಲ್ ಸೊರಗಿದೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಟಾರ್ಚ್, ಒಮ್ಮೆ ಮಗುವಿನ ಆಟದ ಕಾರು, ಒಮ್ಮೆ ಮೌಸ್. ಸಾಮಾನು ಬದಲಾದರೂ ಹಿಂದಿರುವ ನಂಬಿಕೆ ಬದಲಾಗುವುದಿಲ್ಲ: ವೋಲ್ಟ್ ಸರಿ ಇದ್ದರೆ ಸೆಲ್ ಸರಿ. ಇವತ್ತು ಇದನ್ನು ಬುಡಸಮೇತ ಕೀಳೋಣ.

ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1633 ಅಡಿ. ಕಟ್ಟಿದಾಗಲೂ ಅಷ್ಟೇ, ಈಗಲೂ ಅಷ್ಟೇ. ಆದರೆ ಮೊದಲು ಆ ಮಟ್ಟಕ್ಕೆ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಮಟ್ಟ ಮುಟ್ಟಿತು ಎಂಬ ಒಂದೇ ಸುದ್ದಿ ನಂಬಿಕೊಂಡು ಕಾಲುವೆಯ ಕೊನೇ ಭಾಗದ ರೈತ ಭತ್ತ ನಾಟಿ ಮಾಡಲು ಆಗುತ್ತದೆಯೇ? ವೋಲ್ಟ್ ಅಂದರೆ ಅಡಿ. ಸೆಲ್ ಮೇಲೆ ಬರೆದಿರುವ ಎಂಎಎಚ್ (ಮಿಲಿಆಂಪ್ ಅವರ್, ಎಷ್ಟು ಕರೆಂಟ್ ಎಷ್ಟು ಗಂಟೆ ಕೊಡಬಲ್ಲದು ಎಂಬ ಲೆಕ್ಕ) ಅಂದರೆ ಟಿಎಂಸಿ. ಹಳೇ ಸೆಲ್ಲೂ 1.4 ವೋಲ್ಟ್‌ವರೆಗೆ ತುಂಬುತ್ತದೆ, ಒಳಗೆ ಜಾಗ ಮಾತ್ರ ಉಳಿದಿರುವುದಿಲ್ಲ.

ಸೆಲ್ಲಿನದು ಇನ್ನೂ ಕಷ್ಟ. ಜಲಾಶಯದಲ್ಲಿ ನೀರು ಬಿಟ್ಟಂತೆ ಮಟ್ಟವಾದರೂ ಇಳಿಯುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಇರುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಬಳಸಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ 1.25ರ ಸುತ್ತ ಬಂದು, ಮುಕ್ಕಾಲು ಖಾಲಿಯಾಗುವವರೆಗೂ ಹೆಚ್ಚು ಅಲುಗದೆ ಅಲ್ಲೇ ನಿಲ್ಲುತ್ತದೆ. 1.1 ದಾಟಿತೋ, ದಡದಡ ಕುಸಿಯುತ್ತದೆ. ಹೀಗಾಗಿ ಮೀಟರಿನ ಅಂಕಿಯಿಂದ ಎಷ್ಟು ಉಳಿದಿದೆ ಎಂದು ತಿಳಿಯದು, ಒಟ್ಟು ಎಷ್ಟು ಹಿಡಿಯುತ್ತದೆ ಎಂದಂತೂ ತಿಳಿಯುವುದೇ ಇಲ್ಲ. “ಲೋಡ್ ಕೊಟ್ಟು, ಅಂದರೆ ಸೆಲ್‌ನಿಂದ ಕರೆಂಟ್ ಎಳೆಯುತ್ತಾ ವೋಲ್ಟ್ ನೋಡಿದರೆ?” ಎಂದು ಕೆಲವರು ಕೇಳುತ್ತಾರೆ. ಆಗ ಒಳಗಿನ ಪ್ರತಿರೋಧದ ಸುಳಿವು ಸಿಗುತ್ತದೆ. ಪಾಸೋ ಫೇಲೋ ಗೊತ್ತಾಗುತ್ತದೆ, ಅಂಕ ಗೊತ್ತಾಗುವುದಿಲ್ಲ.

ಅಂಕ ಬೇಕೆಂದರೆ ಸೆಲ್ ಪೂರ್ತಿ ಖಾಲಿ ಮಾಡಿ ಹೊತ್ತು ಎಣಿಸಬೇಕು. ಬೇರೆ ದಾರಿ ಇಲ್ಲ. ಕಂಪನಿಗಳೂ ಇದನ್ನೇ ಮಾಡುತ್ತವೆ: ಐಇಸಿ 61951-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಸೆಲ್‌ನ ಸಾಮರ್ಥ್ಯದ ಐದನೇ ಒಂದು ಪಾಲಿನ ಕರೆಂಟ್ ಎಳೆಯುತ್ತಾ 1.0 ವೋಲ್ಟ್‌ಗೆ ಬರುವವರೆಗೆ ಅಳೆಯುತ್ತಾರೆ.

ಮನೆಯಲ್ಲಿ ಮಾಡಲು 3.3 ಓಮ್, 2 ವಾಟ್‌ನ ಒಂದು ರೆಸಿಸ್ಟರ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಒಂದು ಗಂಟೆ ಬಿಡಿ. ರೆಸಿಸ್ಟರ್ ಜೋಡಿಸಿ ಗಂಟೆ ಬರೆದುಕೊಳ್ಳಿ, ಮೀಟರ್ 1.0ಕ್ಕೆ ಬಂದ ಕೂಡಲೇ ತೆಗೆಯಿರಿ. ಸರಾಸರಿ 1.2 ವೋಲ್ಟ್, ಭಾಗಿಸು 3.3, ಅಂದರೆ ಸುಮಾರು 360 ಮಿಲಿಆಂಪ್. ಗಂಟೆಯಿಂದ ಗುಣಿಸಿದರೆ ಎಂಎಎಚ್ ಬಂತು. ಒಳ್ಳೆಯ 2000 ಎಂಎಎಚ್ ಸೆಲ್ ಐದೂವರೆ ಗಂಟೆ ನಿಲ್ಲಬೇಕು. ಹತ್ತನೇ ತರಗತಿಯ ಮಕ್ಕಳಿಂದ ಇದನ್ನು ಮಾಡಿಸಿದ್ದೇನೆ. ಓಮನ ನಿಯಮ ಬಾಯಿಪಾಠ ಮಾಡಿದ್ದವರು ಅವತ್ತು ಅದರಿಂದ ಒಂದು ಕೆಲಸ ತೆಗೆದರು. ಒಂದೇ ಪ್ಯಾಕೆಟ್ಟಿನ ನಾಲ್ಕರಲ್ಲಿ ಮೂರು ಐದು ಗಂಟೆ ದಾಟಿದವು, ನಾಲ್ಕನೆಯದು ಎರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಬರೀ 780 ಎಂಎಎಚ್. ಚಾರ್ಜರಿನಿಂದ ತೆಗೆದಾಗ ಮೀಟರಿನಲ್ಲಿ ನಾಲ್ಕೂ ಒಂದೇ ಥರ ಇದ್ದವು.

ನಿಮ್ಮ ಬಿ.ಪಿ. ಮೆಷೀನಿನಲ್ಲೂ ಅಂಥದ್ದೊಂದು ಕೂತಿರಬೇಕು. ಸೆಲ್‌ಗಳು ಸಾಲಾಗಿ ಕೆಲಸ ಮಾಡುವಾಗ ಬಡಕಲು ಸೆಲ್ ಮೊದಲು ಖಾಲಿಯಾಗುತ್ತದೆ, ಉಳಿದ ಮೂರು ಅದರೊಳಗೆ ಕರೆಂಟ್ ತಳ್ಳಿ ಅದನ್ನು ಉಲ್ಟಾ ಮಾಡಿ ಇನ್ನಷ್ಟು ಕೆಡಿಸುತ್ತವೆ. ಅಳೆದ ಅಂಕಿಯನ್ನು ಸೆಲ್ ಮೇಲೆ ಮಾರ್ಕರಿನಲ್ಲಿ ಬರೆಯಿರಿ, ಸರಿಸಮ ಇರುವವನ್ನೇ ಜೊತೆಗೆ ಹಾಕಿ. ಅರ್ಧಕ್ಕಿಂತ ಕಡಿಮೆ ಬಂದದ್ದನ್ನು ಗೋಡೆ ಗಡಿಯಾರಕ್ಕೆ ಕೊಡಿ. ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದ್ದರೆ ಮಾತ್ರ ಒಂದೇ ಪರೀಕ್ಷೆಗೆ ತೀರ್ಪು ಕೊಡಬೇಡಿ, ಎರಡು ಮೂರು ಸಲ ಚಾರ್ಜ್ ಮಾಡಿ ಖಾಲಿ ಮಾಡಿದರೆ ಕೆಲವು ಚೇತರಿಸಿಕೊಳ್ಳುತ್ತವೆ. ಚಾರ್ಜ್ ಆಗುವಾಗ ಚಾರ್ಜರ್ ಪರದೆಯಲ್ಲಿ ಬರುವ ಎಂಎಎಚ್ ನಂಬಬೇಡಿ. ಅದು ಒಳಗೆ ಹೋದದ್ದು. ಹೋದದ್ದೆಲ್ಲ ಹೊರಗೆ ಬರುವುದಿಲ್ಲ.

ಯಾರೂ ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಈಗ 1.5 ವೋಲ್ಟ್‌ನ ಲಿಥಿಯಂ ಪೆನ್ಸಿಲ್ ಸೆಲ್ ಬಂದಿವೆ, ಯುಎಸ್‌ಬಿ ವೈರಿನಿಂದ ಚಾರ್ಜ್ ಆಗುತ್ತವೆ. ಮೇಲೆ 3000 ಎಂದು ದಪ್ಪಕ್ಷರ. ಪಕ್ಕದ ಸಣ್ಣಕ್ಷರ ಓದಿ: ಅದು ಎಂಎಎಚ್ ಅಲ್ಲ, ಮಿಲಿವಾಟ್ ಅವರ್, ಅಂದರೆ ಎಂಎಎಚ್ ಅನ್ನು ವೋಲ್ಟ್‌ನಿಂದ ಗುಣಿಸಿದ ಲೆಕ್ಕ. 2000 ಎಂಎಎಚ್‌ನ ಮಾಮೂಲಿ ಸೆಲ್ಲನ್ನು 1.2ರಿಂದ ಗುಣಿಸಿದರೆ 2400 ಮಿಲಿವಾಟ್ ಅವರ್ ಆಗುತ್ತದೆ. ಒಂದೂವರೆ ಪಟ್ಟು ಎಂದು ಕಾಣುವುದು ನಿಜವಾಗಿ ಕಾಲು ಪಾಲು ಹೆಚ್ಚು, ಅಷ್ಟೇ. ಇದರೊಳಗಿನ ಸರ್ಕ್ಯೂಟ್ ಖಾಲಿಯಾಗುವ ಹೊತ್ತಿನವರೆಗೂ 1.5 ವೋಲ್ಟನ್ನೇ ಕೊಡುವುದರಿಂದ ಮೀಟರ್ ಇಲ್ಲಿ ಇನ್ನೂ ನಿರುಪಯೋಗಿ. ಇವನ್ನು ನಿಕಲ್ ಸೆಲ್‌ನ ಚಾರ್ಜರಿಗೆ ಮಾತ್ರ ಎಂದಿಗೂ ಹಾಕಬೇಡಿ, ಬೆಂಕಿ ಹತ್ತಬಹುದು.