ಜೀನ್ಸ್ ಫೋಟೊ ಹಗುರಾಗಲಿ, ನೇಯ್ಗೆ ಉಳಿಯಲಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವವರು ಸ್ವಂತ ವೆಬ್‌ಸೈಟ್ ಇಟ್ಟುಕೊಂಡರೆ ಮೊದಲು ಕೈ ಕಚ್ಚುವುದು ಸರ್ವರಿನಲ್ಲಿ ಫೈಲ್ ಇಡುವ ಜಾಗ. ಒಂದು ಡಿಸೈನಿಗೆ ಐದು ಫೋಟೊ ಬೇಕು: ಮುಂದೆ, ಹಿಂದೆ, ಜೇಬು, ಹೊಲಿಗೆ, ಲೇಬಲ್. ಇನ್ನೂರು ಡಿಸೈನಿಗೆ ಸಾವಿರ ಫೋಟೊ. ಒಂದೊಂದು 4 ಎಂಬಿ ಎಂದು ಹಿಡಿದರೂ 4 ಜಿಬಿ. ಹೋಸ್ಟಿಂಗ್ ಪ್ಲಾನ್ 5 ಜಿಬಿಯದಾದರೆ ಮೇಲ್, ಡೇಟಾಬೇಸ್, ಬ್ಯಾಕಪ್ ಎಲ್ಲಕ್ಕೂ ಉಳಿಯುವುದು ಒಂದೇ ಜಿಬಿ.

ಸೈಟ್ ಕಟ್ಟಿದ್ದು ವರ್ಡ್‌ಪ್ರೆಸ್ ತಂತ್ರಾಂಶದಲ್ಲಾದರೆ ಅದೂ ಉಳಿಯುವುದಿಲ್ಲ. 4000 ಪಿಕ್ಸೆಲ್ ಅಗಲದ ಒಂದು ಜೆಪೆಗ್ ಏರಿಸಿದರೆ ಅದು ಮೂಲವನ್ನು ಹಾಗೇ ಇಟ್ಟುಕೊಂಡು 2560, 2048, 1536, 1024, 768, 300, 150 ಅಳತೆಯ ಇನ್ನೂ ಏಳು ಪ್ರತಿ ಮಾಡುತ್ತದೆ. ಜಾಗ ಉಳಿಸಲು ಫೋಟೊಗಳನ್ನು ಜೆಪೆಗ್‌ಗಿಂತ ಹಗುರವಾದ ವೆಬ್‌ಪಿ ಎಂಬ ಫಾರ್ಮ್ಯಾಟಿಗೆ ಬದಲಿಸಬಹುದು. ಆದರೆ ಇಂಥ ಸೈಟಿನಲ್ಲಿ ‘ಎಲ್ಲವನ್ನೂ ವೆಬ್‌ಪಿಗೆ ಬದಲಿಸು’ ಎಂದು ಪ್ಲಗಿನ್‌ಗೆ (ಸೈಟಿಗೆ ಸೇರಿಸುವ ಉಪ ತಂತ್ರಾಂಶಕ್ಕೆ) ಹೇಳಿದರೆ, ಸಾಮಾನ್ಯವಾಗಿ ಅದು ಹಳೆಯದನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿಡುತ್ತದೆ. ಎಂಟು ಫೈಲ್ ಹದಿನಾರಾಗುತ್ತವೆ. ನಡುವೆ ಡಿಸ್ಕ್ ತುಂಬಿದರೆ ಅರ್ಧ ಬರೆದ ಅಥವಾ ಸೊನ್ನೆ ಬೈಟಿನ ಫೈಲುಗಳು ಉಳಿಯುತ್ತವೆ; ಅದೇ ಡಿಸ್ಕಿನಲ್ಲಿರುವ ಡೇಟಾಬೇಸ್‌ಗೂ ಬರೆಯಲು ಜಾಗವಿಲ್ಲದೆ ಆರ್ಡರ್ ನಿಲ್ಲುತ್ತದೆ. ಆದ್ದರಿಂದ ಪರಿವರ್ತನೆ ಅಂಗಡಿಯ ಕಂಪ್ಯೂಟರಿನಲ್ಲೇ ನಡೆಯಲಿ. ಮೂಲ ಫೋಟೊಗಳೂ ಅಲ್ಲೇ, ಬೇರೊಂದು ಹಾರ್ಡ್ ಡಿಸ್ಕಿನಲ್ಲಿ ಇರಲಿ.

ಮೊದಲು ಅಳತೆ ಇಳಿಸಿ, ಆಮೇಲೆ ಫಾರ್ಮ್ಯಾಟ್. 4000×3000ರಲ್ಲಿ 1.2 ಕೋಟಿ ಪಿಕ್ಸೆಲ್, 1600×1200ರಲ್ಲಿ 19.2 ಲಕ್ಷ, ಅಂದರೆ ಆರನೇ ಒಂದು ಭಾಗಕ್ಕಿಂತ ಕಡಿಮೆ. ಮೊಬೈಲಿನಲ್ಲಿ ನೋಡುವವರಿಗೆ 1600 ಧಾರಾಳ. ಇದರ ಮುಂದೆ ಫಾರ್ಮ್ಯಾಟಿನ ಲಾಭ ಚಿಕ್ಕದು: ಸಮಾನ ಗುಣಮಟ್ಟದಲ್ಲಿ ವೆಬ್‌ಪಿ ಜೆಪೆಗ್‌ಗಿಂತ ಶೇ 25ರಿಂದ 34ರಷ್ಟು ಚಿಕ್ಕದು ಎಂಬುದು, 2010ರಲ್ಲಿ ಅದನ್ನು ಹೊರತಂದ ಗೂಗಲ್ಲಿನದೇ ಲೆಕ್ಕ.

ಇನ್ನು ಡೆನಿಮ್ಮಿನ ವಿಷಯ. ಇದರ ಓರೆ ನೇಯ್ಗೆಯಲ್ಲಿ ನೀಲಿ ಮತ್ತು ಬಿಳಿ ನೂಲು ಕೆಲವೇ ಪಿಕ್ಸೆಲ್‌ಗೊಮ್ಮೆ ಅದಲುಬದಲಾಗುತ್ತವೆ. ಇಂಥ ಸಣ್ಣ ವಿವರವನ್ನೇ ಸಂಕೋಚನ ಮೊದಲು ಬಿಡುವುದು. ನೂರರ ಅಳತೆಯಲ್ಲಿ ಗುಣಮಟ್ಟ 75ಕ್ಕಿಂತ ಇಳಿದರೆ ಬಟ್ಟೆ ರೆಕ್ಸಿನ್‌ನಂತೆ ನುಣ್ಣಗೆ ಕಾಣತೊಡಗುತ್ತದೆ. ಇನ್ನೊಂದು ತೊಂದರೆ ಹೊಲಿಗೆಯಲ್ಲಿ. ಲಾಸಿ ವೆಬ್‌ಪಿ, ಅಂದರೆ ಸ್ವಲ್ಪ ವಿವರ ಬಿಟ್ಟು ಹಗುರಾಗುವ ಬಗೆ, ಬಣ್ಣವನ್ನು 4:2:0 ವಿಧಾನದಲ್ಲಷ್ಟೇ ಉಳಿಸುತ್ತದೆ. ನಾಲ್ಕು ಪಿಕ್ಸೆಲ್‌ಗೆ ಬಣ್ಣದ ಮಾಹಿತಿ ಒಂದೇ. ಕಡುನೀಲಿಯ ಮೇಲಿನ ಕಿತ್ತಳೆ ದಾರ ಒಂದೆರಡು ಪಿಕ್ಸೆಲ್ ಅಗಲವಿದ್ದರೆ ಅದರ ಬಣ್ಣ ಅಕ್ಕಪಕ್ಕಕ್ಕೆ ಹರಡಿ ಮಂಕಾಗುತ್ತದೆ. ಸಿ-ವೆಬ್‌ಪಿ ಎಂಬ ಉಚಿತ ಸಾಧನದಲ್ಲಿ ‘ಶಾರ್ಪ್ ವೈಯುವಿ’ ಆಯ್ಕೆ ಹಾಕಿದರೆ ಈ ಹರಡಿಕೆ ಬಹಳ ತಗ್ಗುತ್ತದೆ. ಸಮಯ ತುಸು ಹೆಚ್ಚು. ಮುಖ್ಯ ಫೋಟೊಗೆ 82ರ ಆಸುಪಾಸು, ನೇಯ್ಗೆ ಹೇಗೂ ಕಾಣದ ಚಿಕ್ಕವಕ್ಕೆ 70 ಸಾಕು.

2019ರಲ್ಲಿ ಬಂದ ಎವಿಐಎಫ್ ಎಂಬ ಫಾರ್ಮ್ಯಾಟ್ ಇನ್ನೂ ಚಿಕ್ಕ ಫೈಲ್ ಕೊಡುತ್ತದೆ, 4:4:4 ಬಣ್ಣವನ್ನೂ, ಅಂದರೆ ಪ್ರತಿ ಪಿಕ್ಸೆಲ್ಲಿನ ಬಣ್ಣವನ್ನೂ ಉಳಿಸಬಲ್ಲದು. ಆದರೆ ತಯಾರಿ ನಿಧಾನ. ಅಗ್ಗದ ಹೋಸ್ಟಿಂಗ್‌ನಲ್ಲಿ ಸಮಯದ ಮಿತಿ ದಾಟಿ ಕೆಲಸ ನಡುವೆಯೇ ಕಡಿದುಬೀಳುತ್ತದೆ. ಜಾಗ ಕಡಿಮೆ ಇದ್ದಾಗ ಎರಡೂ ಫಾರ್ಮ್ಯಾಟ್ ಇಟ್ಟುಕೊಳ್ಳುವುದೂ ಬೇಡ, ಒಂದನ್ನು ಆರಿಸಿ. ಆ್ಯಪಲ್‌ನ ಸಫಾರಿ ಬ್ರೌಸರೂ 2020ರಿಂದ ವೆಬ್‌ಪಿ ತೋರಿಸುತ್ತಿದೆ, ಅದೊಂದೇ ಸಾಕು.

ಮೊಬೈಲ್ ಫೋಟೊದಲ್ಲಿ ಎರಡು ಅಡಗಿದ ಸಂಗತಿಗಳಿವೆ: ಯಾವ ಕಡೆ ಮೇಲೆ ಎಂಬ ಗುರುತು, ಮತ್ತು ಬಣ್ಣ ಹೇಗೆ ತೋರಿಸಬೇಕು ಎಂಬ ಪ್ರೊಫೈಲ್. ಸಿ-ವೆಬ್‌ಪಿ ತಾನಾಗಿ ಇವೆರಡನ್ನೂ ಬಿಟ್ಟುಬಿಡುತ್ತದೆ. ನಿಂತಿದ್ದ ಪ್ಯಾಂಟ್ ಅಡ್ಡ ಮಲಗುತ್ತದೆ. ಐಫೋನಿನಲ್ಲಿ ತೆಗೆದಿದ್ದರೆ ಶೇಡೂ ಮಂಕಾಗುತ್ತದೆ, ಶೇಡ್ ನೋಡಿಯೇ ಆರ್ಡರ್ ಕೊಡುವ ವ್ಯಾಪಾರದಲ್ಲಿ ಇದು ಸಣ್ಣ ತಪ್ಪಲ್ಲ. ಅಳತೆ ಇಳಿಸುವ ಹಂತದಲ್ಲೇ ಇಮೇಜ್‌ಮ್ಯಾಜಿಕ್ ಎಂಬ ಸಾಧನದಿಂದ ‘ಆಟೊ ಓರಿಯಂಟ್’ ಮಾಡಿ, ಬಣ್ಣವನ್ನು ವೆಬ್‌ನಲ್ಲಿ ಸಾಮಾನ್ಯವಾದ ಎಸ್‌ಆರ್‌ಜಿಬಿ ಪ್ರೊಫೈಲಿಗೆ ತನ್ನಿ. ವಾಟ್ಸ್‌ಆ್ಯಪ್‌ನಲ್ಲಿ ಹಾದು ಬಂದ ಫೋಟೊ ಮೊದಲೇ ಹಿಂಡಿ ಹಿಪ್ಪೆಯಾಗಿರುತ್ತದೆ. ಅದರ ವೆಬ್‌ಪಿ ಕೆಲವೊಮ್ಮೆ ಮೂಲಕ್ಕಿಂತ ದೊಡ್ಡದಾಗುತ್ತದೆ. ಹಾಗಾದರೆ ಜೆಪೆಗ್ಗನ್ನೇ ಉಳಿಸಿ.

ಸರ್ವರಿಗೆ ಐವತ್ತೈವತ್ತರ ಕಂತಿನಲ್ಲಿ ಏರಿಸಿ. ಒಂದು ಕಂತು ಏರಿಸಿ, ಪುಟಗಳಲ್ಲಿ ಹೊಸ ಹೆಸರು ಕೂರಿಸಿ, ಮೊಬೈಲಿನಲ್ಲಿ ತೆರೆದು ನೋಡಿ, ನಂತರ ಹಳೆಯ ಐವತ್ತನ್ನು ಮೀಡಿಯಾ ಲೈಬ್ರರಿಯಿಂದಲೇ ಅಳಿಸಿ. ಆಗ ಎಲ್ಲ ಅಳತೆಯ ಪ್ರತಿಗಳೂ ಹೋಗುತ್ತವೆ. ಫೈಲ್ ಮ್ಯಾನೇಜರಿನಿಂದ ಅಳಿಸಿದರೆ ಡೇಟಾಬೇಸಿನಲ್ಲಿ ನಮೂದು ಉಳಿದು ಖಾಲಿ ಚೌಕ ಕಾಣುತ್ತದೆ. ಹೆಸರು ಬದಲಿಸಲು ಡೇಟಾಬೇಸಿನಲ್ಲಿ ನೇರ ‘ರಿಪ್ಲೇಸ್’ ಕೊಡಬೇಡಿ: ಕೆಲವು ಸೆಟ್ಟಿಂಗ್‌ಗಳು ಪಠ್ಯದ ಉದ್ದದ ಸಮೇತ ದಾಖಲಾಗಿರುತ್ತವೆ, ಉದ್ದ ತಪ್ಪಿದರೆ ಅವು ಓದಲು ಬಾರವು. ವರ್ಡ್‌ಪ್ರೆಸ್‌ಗೆ ಆದೇಶ ಬರೆದು ಕೆಲಸ ಮಾಡಿಸುವ ಡಬ್ಲ್ಯೂಪಿ-ಸಿಎಲ್‌ಐ ಸಾಧನದ ‘ಸರ್ಚ್ ರಿಪ್ಲೇಸ್’ ಆ ಉದ್ದವನ್ನೂ ಸರಿಪಡಿಸುತ್ತದೆ. ಅದಕ್ಕೆ ‘ಡ್ರೈ ರನ್’ ಆಯ್ಕೆ ಕೊಟ್ಟರೆ ಏನೂ ಬದಲಿಸದೆ, ಎಷ್ಟು ಕಡೆ ಬದಲಾಗಲಿದೆ ಎಂದಷ್ಟೇ ತೋರಿಸುತ್ತದೆ. ಕೊನೆಗೆ ಹಳೆಯ ಜೆಪೆಗ್ ವಿಳಾಸಗಳಿಂದ ಹೊಸ ವೆಬ್‌ಪಿಗೆ 301 ರಿಡೈರೆಕ್ಟ್ (ಹಳೆ ವಿಳಾಸ ಕೇಳಿದವರನ್ನು ಹೊಸದಕ್ಕೆ ಕಳಿಸುವ ಶಾಶ್ವತ ಸೂಚನೆ) ಹಾಕಿ. ಮುಂಚೆ ಗ್ರಾಹಕರಿಗೆ ಕಳಿಸಿದ ಫೋಟೊ ಲಿಂಕುಗಳು ಆಗಲೂ ತೆರೆಯುತ್ತವೆ.